ಮೈಸೂರಿನಲ್ಲಿ ಮನೆ ಕೊಳ್ಳಲು ಯಾವ ಬಡಾವಣೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಿವೃತ್ತಿಯ ಹಣ ಕೈಗೆ ಬಂದವರು, ಬೆಂಗಳೂರಿನ ಗದ್ದಲ ಸಾಕಾದವರು, ಕೊಡಗು, ಚಾಮರಾಜನಗರ, ಮಂಡ್ಯದ ಕಡೆಯಿಂದ ಮಕ್ಕಳ ಓದಿಗೆಂದು ಬಂದು ನೆಲೆಸಿದವರು, ಇದೇ ಊರಿನಲ್ಲಿ ಹುಟ್ಟಿಯೂ ಬಾಡಿಗೆ ಮನೆಯಲ್ಲೇ ಬೆಳೆದವರು, ಇವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವುಗಳಿಗೆ ನನಗೆ ತಿಳಿದ ಮಟ್ಟಿಗೆ ಇಲ್ಲಿ ಉತ್ತರಿಸಿದ್ದೇನೆ. ಚದರ ಅಡಿಯ ಬೆಲೆಗಳನ್ನು ಬೇಕೆಂದೇ ಕೊಟ್ಟಿಲ್ಲ. ಅವು ಬೀದಿಯಿಂದ ಬೀದಿಗೆ ಬದಲಾಗುತ್ತವೆ, ಓದುವಷ್ಟರಲ್ಲಿ ಹಳತಾಗುತ್ತವೆ.

ಒಂದೇ ಮಾತಿನಲ್ಲಿ ಹೇಳಿ: ಮೈಸೂರಿನಲ್ಲಿ ಯಾವ ಬಡಾವಣೆ ಒಳ್ಳೆಯದು?

ಒಂದೇ ಹೆಸರು ಹೇಳಲು ಬರುವುದಿಲ್ಲ. ಹೆಬ್ಬಾಳದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವವರಿಗೂ, ವಾರಕ್ಕೆರಡು ಬಾರಿ ಬೆಂಗಳೂರಿಗೆ ಹೋಗಿಬರುವವರಿಗೂ, ಎಪ್ಪತ್ತು ದಾಟಿದ ತಂದೆ ತಾಯಿಯನ್ನು ಜೊತೆಯಲ್ಲಿಟ್ಟುಕೊಂಡವರಿಗೂ ಒಂದೇ ಬಡಾವಣೆ ಹೊಂದುವುದಿಲ್ಲ. ಯಾರಾದರೂ ಕೇಳಿದ ಕೂಡಲೇ ಒಂದು ಹೆಸರು ಹೇಳಿದರೆ, ಅಲ್ಲಿ ಅವರಿಗೆ ಮಾರುವಂಥದ್ದು ಏನಾದರೂ ಇದೆಯೇ ಎಂದು ವಿಚಾರಿಸಿಕೊಳ್ಳಿ. ನಿಮ್ಮ ಮನೆಯವರು ದಿನಾ ಎಲ್ಲಿಗೆ ಹೋಗಬೇಕು, ಯಾವ ಹೊತ್ತಿಗೆ ಹೋಗಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದರೆ ಅರ್ಧ ಊರು ತಾನಾಗಿಯೇ ಪಟ್ಟಿಯಿಂದ ಬಿಟ್ಟುಹೋಗುತ್ತದೆ.

ಉಳಿದ ಅರ್ಧ ಊರಿನಲ್ಲಿ ಮೊದಲು ಏನನ್ನು ನೋಡಬೇಕು?

ನೀರು. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ, ಮಳೆಯ ನೀರು ಯಾವ ದಾರಿ ಹಿಡಿಯುತ್ತದೆ. ಉದ್ಯಾನ, ದೇವಸ್ಥಾನ, ಶಾಲೆ, ಅಗಲವಾದ ರಸ್ತೆ ಎಲ್ಲವನ್ನೂ ಆಮೇಲೆ ನೋಡಬಹುದು. ಮನೆಯ ಬಣ್ಣ ಬದಲಿಸಬಹುದು, ಅಡುಗೆಮನೆಯನ್ನು ಒಡೆದು ಕಟ್ಟಬಹುದು. ಆದರೆ ಬಡಾವಣೆಗೆ ಒಳಚರಂಡಿ ಇಲ್ಲದಿದ್ದರೆ ಅದನ್ನು ಒಬ್ಬರೇ ತರಿಸಲಾಗುವುದಿಲ್ಲ, ಸೈಟು ಹಳ್ಳದ ಪಾತ್ರದಲ್ಲಿದ್ದರೆ ಹಳ್ಳವನ್ನು ಬೇರೆ ಕಡೆಗೆ ತಿರುಗಿಸಲಾಗುವುದಿಲ್ಲ. ಈ ಮೂರು ಪ್ರಶ್ನೆಗಳಿಗೆ ತೃಪ್ತಿಕರವಾದ ಉತ್ತರ ಸಿಗದ ಕಡೆ, ಬೆಲೆ ಎಷ್ಟೇ ಇಳಿದಿರಲಿ, ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

"ಕಾವೇರಿ ನೀರು ಬರುತ್ತದೆ" ಎಂದು ಮಾರುವವರು ಹೇಳುತ್ತಾರೆ. ನಂಬಬಹುದೇ?

ನಗರಕ್ಕೆ ನೀರು ಬರುವುದು ಎರಡು ನದಿಗಳಿಂದ. ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಸ್ಥಾವರಗಳು ಕಾವೇರಿಯ ನೀರನ್ನು ಎತ್ತುತ್ತವೆ, ಬಿದರಗೂಡಿನದು ಕಬಿನಿಯ, ಅಂದರೆ ಕಪಿಲೆಯ ನೀರು. ಹಂಚುವುದು ವಾಣಿವಿಲಾಸ ನೀರು ಸರಬರಾಜು ವಿಭಾಗ. ಹಾಗಾಗಿ ನಲ್ಲಿಯ ನೀರು ಕಾವೇರಿಯದೋ ಕಪಿಲೆಯದೋ ಎಂಬುದು ದೊಡ್ಡ ಸಂಗತಿಯಲ್ಲ. ನಲ್ಲಿಯಲ್ಲಿ ನೀರು ಬರುತ್ತದೆಯೇ, ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು, ಎಷ್ಟು ರಭಸದಲ್ಲಿ ಎಂಬುದೇ ದೊಡ್ಡದು.

ಮಾರುವವರನ್ನು ಬಿಟ್ಟು ಅದೇ ಸಾಲಿನ ಎರಡು ಮೂರು ಮನೆಯವರನ್ನು ಕೇಳಿ. "ಏಪ್ರಿಲ್ ತಿಂಗಳಲ್ಲಿ ಎಷ್ಟು ಟ್ಯಾಂಕರ್ ಹಾಕಿಸಿದಿರಿ?" ಎಂಬ ಪ್ರಶ್ನೆಗೆ ಬರುವ ಉತ್ತರ ಎಲ್ಲವನ್ನೂ ತಿಳಿಸುತ್ತದೆ. ನೀರಿನ ಬಿಲ್ಲನ್ನು ನೋಡಲು ಕೇಳಿ. ಬಿಲ್ಲಿದ್ದರೆ ಸಂಪರ್ಕವಿದೆ. ಬಡಾವಣೆಯ ಬೋರ್‌ವೆಲ್ ನೀರನ್ನೇ ಪೈಪಿನಲ್ಲಿ ಬಿಟ್ಟು ಕಾರ್ಪೊರೇಷನ್ ನೀರು ಎಂದು ತೋರಿಸುವುದೂ ಉಂಟು. ಅಂಥ ಕಡೆ ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಗಡಸುತನ ಪರೀಕ್ಷಿಸಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಅದನ್ನೂ ದಾಟಿದರೆ ಗೀಸರ್, ನಲ್ಲಿ, ಕೂದಲು, ಬಟ್ಟೆ ಎಲ್ಲಕ್ಕೂ ಕಂಟಕ.

ಹಳೇ ಉಂಡುವಾಡಿಯ ಬಳಿ ಕೆ.ಆರ್.ಎಸ್. ಹಿನ್ನೀರಿನಿಂದ ನೀರೆತ್ತುವ ಯೋಜನೆಯ ಹೆಸರನ್ನು ಹೊರವಲಯದ ಪ್ರತಿಯೊಬ್ಬ ದಲ್ಲಾಳಿಯೂ ಹೇಳುತ್ತಾನೆ. ಯೋಜನೆ ನಿಜವಾದದ್ದು, ಹೊರವಲಯಕ್ಕೆ ಬೇಕಾದದ್ದೂ ಹೌದು. ಆದರೆ ಕೊಳ್ಳುವ ತೀರ್ಮಾನವನ್ನು ಇವತ್ತು ನಲ್ಲಿಯಲ್ಲಿ ಬರುವ ನೀರಿನ ಮೇಲೆ ಮಾಡಿ.

ಮಳೆನೀರು, ಕೊಳಚೆ ನೀರಿನ ದಾರಿಯನ್ನು ಸಾಮಾನ್ಯರು ತಿಳಿಯುವುದು ಹೇಗೆ?

ಮೈಸೂರು ಏರಿಳಿತದ ಊರು. ಉತ್ತರ ಭಾಗದ ನೀರು ಕೆಸರೆಯ ಕಡೆಯಿಂದ ಕಾವೇರಿಯತ್ತ, ದಕ್ಷಿಣದ ನೀರು ದಳವಾಯಿ ಕೆರೆಯ ದಿಕ್ಕಿನಿಂದ ಕಪಿಲೆಯತ್ತ ಇಳಿಯುತ್ತದೆ. ಕೊಳಚೆ ನೀರನ್ನು ಶುದ್ಧೀಕರಿಸುವ ಘಟಕಗಳು ವಿದ್ಯಾರಣ್ಯಪುರಂ, ರಾಯನಕೆರೆ ಮತ್ತು ಕೆಸರೆಯಲ್ಲಿವೆ. ಕುಕ್ಕರಹಳ್ಳಿ, ಲಿಂಗಾಂಬುಧಿ, ಕಾರಂಜಿ, ಹೆಬ್ಬಾಳ, ಬೋಗಾದಿ ಕೆರೆಗಳಿಗೆ ನೀರು ಹರಿದುಬರುತ್ತಿದ್ದ ಕಾಲುವೆಗಳ ಮೇಲೆ ಕೆಲವು ಕಡೆ ಈಗ ಮನೆಗಳೇ ನಿಂತಿವೆ. ಪೂರ್ಣಯ್ಯ ನಾಲೆಯಂತೂ ಎಷ್ಟೋ ಕಡೆ ಒತ್ತುವರಿಯಾಗಿ ಗುರುತೇ ಸಿಗುವುದಿಲ್ಲ. ಮುಚ್ಚಿಹೋದ ಮಾತ್ರಕ್ಕೆ ನೀರು ತನ್ನ ದಾರಿಯನ್ನು ಬಿಡುವುದಿಲ್ಲ.

ನೋಡುವ ವಿಧಾನ ಕಷ್ಟದ್ದೇನಲ್ಲ. ಮೊಬೈಲಿನಲ್ಲಿ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತು ತೆರೆಯಿರಿ. ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಆ ನಂಬರನ್ನು ಹಿಡಿದು ಗ್ರಾಮ ನಕ್ಷೆಯಲ್ಲಿ ಹತ್ತಿರದ ಹಳ್ಳ, ಕೆರೆ, ಬಂಡಿದಾರಿ ಎಲ್ಲಿವೆ ಎಂದು ನೋಡಿ. ಪಹಣಿಯಲ್ಲಿ "ಬಿ ಖರಾಬು" ಎಂದು ಇದ್ದರೆ ಅಷ್ಟು ಭಾಗ ಸಾರ್ವಜನಿಕರಿಗೆ ಸೇರಿದ್ದು, ಮಾರಲು ಯಾರಿಗೂ ಹಕ್ಕಿಲ್ಲ.

ಆಮೇಲೆ ಮಳೆ ಬಂದ ಸಂಜೆ ಹೋಗಿ. ಮೈಸೂರಿನಲ್ಲಿ ಜೋರು ಮಳೆ ಹೆಚ್ಚಾಗಿ ಬೀಳುವುದು ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಫೆಬ್ರುವರಿಯಲ್ಲಿ ಸೈಟು ನೋಡಿ ಮುಂಗಡ ಕೊಡುವವರಿಗೆ ಈ ಪರೀಕ್ಷೆಯ ಅವಕಾಶ ತಪ್ಪುತ್ತದೆ. ಅಕ್ಕಪಕ್ಕದ ಕಾಂಪೌಂಡ್ ಗೋಡೆಗಳ ಮೇಲೆ ನೀರು ನಿಂತ ಕಲೆ ಇದೆಯೇ, ಮನೆಗಳ ಗೇಟಿನ ಮುಂದೆ ಹೊಸದಾಗಿ ಎತ್ತರದ ಕಟ್ಟೆ ಕಟ್ಟಿದ್ದಾರೆಯೇ, ಮ್ಯಾನ್‌ಹೋಲಿನ ಸುತ್ತ ಕಪ್ಪು ಕೆಸರು ಒಣಗಿದೆಯೇ ಎಂದು ನೋಡಿದರೆ ಬೇಸಿಗೆಯಲ್ಲೂ ಅಲ್ಪಸ್ವಲ್ಪ ತಿಳಿಯುತ್ತದೆ.

ವಿದ್ಯಾರಣ್ಯಪುರಂ, ಜೆ.ಪಿ. ನಗರದ ಕಡೆ ವಾಸನೆ ಬರುತ್ತದೆ ಎನ್ನುತ್ತಾರೆ. ನಿಜವೇ?

ವಿದ್ಯಾರಣ್ಯಪುರಂನ ಸುಯೇಜ್ ಫಾರ್ಮಿನಲ್ಲಿ ದಶಕಗಳಿಂದ ಕಸ ಗುಡ್ಡೆಯಾಗಿ ಬಿದ್ದಿದ್ದರಿಂದ ಆ ಸುತ್ತಿನ ಜನ ಬಹಳ ಕಷ್ಟಪಟ್ಟಿದ್ದಾರೆ, ಹೋರಾಟವನ್ನೂ ಮಾಡಿದ್ದಾರೆ. ಹಳೆಯ ಕಸವನ್ನು ಬೇರ್ಪಡಿಸಿ ತೆರವುಗೊಳಿಸುವ ಕೆಲಸವನ್ನು ಪಾಲಿಕೆ ಕೈಗೆತ್ತಿಕೊಂಡಿದೆ. ಇಡೀ ವಿದ್ಯಾರಣ್ಯಪುರಂ ಅಥವಾ ಜೆ.ಪಿ. ನಗರವನ್ನು ಇದೊಂದೇ ಕಾರಣಕ್ಕೆ ತಳ್ಳಿಹಾಕುವುದು ಅಲ್ಲಿನವರಿಗೆ ಮಾಡುವ ಅನ್ಯಾಯ. ಗಾಳಿ ಬೀಸುವ ದಿಕ್ಕು, ಸೈಟಿನ ದೂರ ಎರಡರಿಂದಲೂ ಪರಿಸ್ಥಿತಿ ಬದಲಾಗುತ್ತದೆ. ಬೆಳಗಿನ ಜಾವ ಮತ್ತು ಮಳೆ ನಿಂತ ಮರುದಿನ, ಬೇರೆ ಬೇರೆ ತಿಂಗಳಲ್ಲಿ ಹೋಗಿ ನಿಂತು ನೋಡಿ. ರಜೆಯ ದಿನ ಮಧ್ಯಾಹ್ನ ಕಾರಿನಲ್ಲಿ ಹಾದುಹೋದರೆ ಏನೂ ತಿಳಿಯದು.

ಹಳೆಯ ಬಡಾವಣೆಯಲ್ಲಿ ಹಳೆಯ ಮನೆ ಕೊಳ್ಳುವುದೋ, ಹೊಸ ಬಡಾವಣೆಯಲ್ಲಿ ಸೈಟು ಕೊಳ್ಳುವುದೋ?

ಹಣ ಸಾಲುವುದಾದರೆ ಹಳೆಯದೇ ಮೇಲು ಎನ್ನುತ್ತೇನೆ. ಈ ಊರಿಗೆ ಯೋಜಿತ ಬಡಾವಣೆಗಳ ಹಿರಿಮೆ ಬಂದದ್ದು ಸಂಕಟದಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗ್ ಬಂದು ಇಕ್ಕಟ್ಟಾದ ಕೇರಿಗಳಲ್ಲಿ ಜನ ಸತ್ತಾಗ, ಗಾಳಿ ಬೆಳಕು ಆಡುವ ಹೊಸ ಬಡಾವಣೆಗಳು ಬೇಕೆಂದು ಅರಸೊತ್ತಿಗೆಗೆ ಅನಿಸಿತು. 1903ರಲ್ಲಿ ನಗರ ಸುಧಾರಣಾ ವಿಶ್ವಸ್ತ ಮಂಡಳಿ ಸ್ಥಾಪನೆಯಾಯಿತು. ದೇಶದಲ್ಲೇ ಅಂಥ ಮೊದಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಬೀದಿಗಳಲ್ಲಿ ಇಂದಿಗೂ ನಡೆದಾಡಿದರೆ ನೀರು ಇಳಿದುಹೋಗಲು, ಮನೆಗಳ ನಡುವೆ ಗಾಳಿಯಾಡಲು ಜಾಗ ಬಿಟ್ಟಿರುವುದು ಕಾಣುತ್ತದೆ. ಮನೆಗಳ ಹಿಂದೆ ಸಾಗುವ ಕನ್ಸರ್ವೆನ್ಸಿ (ಸಫಾಯಿ) ಓಣಿಗಳು ಆ ಮುಂದಾಲೋಚನೆಯ ಗುರುತು. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಯಾದವಗಿರಿಯಲ್ಲೂ ನೀರು, ಒಳಚರಂಡಿಯ ಮೂಲ ವ್ಯವಸ್ಥೆ ಮೊದಲಿನಿಂದಲೇ ಇದೆ.

ಹಳೆಯ ಮನೆಯ ತೊಂದರೆ ಬೇರೆ ಬಗೆಯದು. ಅಜ್ಜ ಕಟ್ಟಿಸಿದ ಮನೆಗೆ ಮೊಮ್ಮಕ್ಕಳೆಲ್ಲ ಹಕ್ಕುದಾರರಾಗಿರಬಹುದು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಅಮೆರಿಕದಲ್ಲಿರುವ ಅಕ್ಕನ ಸಹಿ ಆಮೇಲೆ ಕೊಡಿಸುತ್ತೇವೆ ಎಂದರೆ ಕ್ರಯವೂ ಆಮೇಲೆಯೇ ಆಗಲಿ ಎನ್ನಿ. ವಂಶವೃಕ್ಷ, ವಿಭಾಗಪತ್ರ ನೋಡದೆ ಮುಂಗಡ ಕೊಡಬೇಡಿ. ಹಳೆಯ ಗೋಡೆ, ಹಳೆಯ ಕೊಳಾಯಿ, ಹಳೆಯ ವೈರಿಂಗ್ ಇವುಗಳ ದುರಸ್ತಿಗೆ ಬೇರೆ ಹಣ ಎತ್ತಿಡಬೇಕು.

ಕುವೆಂಪುನಗರ, ರಾಮಕೃಷ್ಣನಗರ ಒಂದು ಕಡೆ, ವಿಜಯನಗರ ಇನ್ನೊಂದು ಕಡೆ. ಯಾವುದು?

ಎರಡೂ ವಾಸಕ್ಕೆ ಒಪ್ಪುವಂಥವು. ಕುವೆಂಪುನಗರದಲ್ಲಿ ಅಂಗಡಿ, ಆಸ್ಪತ್ರೆ, ಬಸ್ಸು ಎಲ್ಲವೂ ಕಾಲ್ನಡಿಗೆಯಲ್ಲಿ ಸಿಗುತ್ತವೆ. ಅದೇ ಕಾರಣಕ್ಕೆ ಮುಖ್ಯರಸ್ತೆಗಳ ಮನೆಗಳು ಒಂದೊಂದಾಗಿ ಹೋಟೆಲ್, ಕ್ಲಿನಿಕ್, ಪಿ.ಜಿ.ಗಳಾಗುತ್ತಿವೆ. ಒಳಗಿನ ಅಡ್ಡರಸ್ತೆಗಳನ್ನು ನೋಡಿ. ವಿಜಯನಗರದ ಮೊದಲ ಎರಡು ಹಂತಗಳು ತುಂಬಿದ ಬಡಾವಣೆಗಳು. ನಾಲ್ಕನೇ ಹಂತ ಹೊರಕ್ಕಿದೆ, ಅಲ್ಲಿ ಬೀದಿ ಬೀದಿಗೂ ಸ್ಥಿತಿ ಬೇರೆ. ಹುಣಸೂರು ರಸ್ತೆಯನ್ನು ದಿನಾ ದಾಟಬೇಕಾದವರು ಹಿನಕಲ್ ಮೇಲ್ಸೇತುವೆಯ ಕೆಳಗೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಒಮ್ಮೆ ನಿಂತು ನೋಡಿ ತೀರ್ಮಾನಿಸಲಿ.

ಇನ್ಫೊಸಿಸ್ ಅಥವಾ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಎಲ್ಲಿ ಹುಡುಕಲಿ?

ವಿಜಯನಗರ, ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ, ಸ್ವಲ್ಪ ಹೆಚ್ಚು ಹಣವಿದ್ದರೆ ಗೋಕುಲಂ. ಗೋಕುಲಂನಲ್ಲಿ ಅಷ್ಟಾಂಗ ಯೋಗ ಕಲಿಯಲು ಬರುವ ವಿದೇಶಿಯರಿಂದಾಗಿ ಬಾಡಿಗೆಗೆ ಬೇಡಿಕೆ ಚೆನ್ನಾಗಿದೆ. ಮನೆಯ ಒಂದು ಭಾಗವನ್ನು ಬಾಡಿಗೆಗೆ ಕೊಡುವ ಯೋಚನೆ ಇದ್ದವರಿಗೆ ಅನುಕೂಲ, ನಿಶ್ಶಬ್ದ ಬೇಕೆನ್ನುವವರು ಆಯ್ದ ಬೀದಿಗಳನ್ನು ಹುಡುಕಬೇಕು. ಕೈಗಾರಿಕಾ ಪ್ರದೇಶಕ್ಕೆ ತೀರ ಅಂಟಿಕೊಂಡ ಸೈಟುಗಳಲ್ಲಿ ರಾತ್ರಿ ಪಾಳಿಯ ಲಾರಿಗಳ ಸದ್ದು, ಬೋರ್‌ವೆಲ್ ನೀರಿನ ಗುಣ ಎರಡನ್ನೂ ಪರೀಕ್ಷಿಸಿ.

ಬೆಂಗಳೂರಿಗೆ ಆಗಾಗ ಹೋಗಬೇಕು. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಬೆಂಗಳೂರು ರಸ್ತೆಯ ಕಡೆಯೇ ಕೊಳ್ಳಬೇಕೇ?

2023ರ ಮಾರ್ಚ್‌ನಲ್ಲಿ ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಆ ಕಡೆಯ ಜಾಹೀರಾತುಗಳ ಅಬ್ಬರ ಹೆಚ್ಚಾಯಿತು. ಹೆದ್ದಾರಿ ಬಂದು ಸೇರುವುದು ಮಣಿಪಾಲ ಆಸ್ಪತ್ರೆಯ ಜಂಕ್ಷನ್ನಿಗೆ, ಅಲ್ಲಿಂದ ವರ್ತುಲ ರಸ್ತೆ ಹಿಡಿದರೆ ಊರಿನ ಯಾವ ಬದಿಗೂ ಹೋಗಬಹುದು. ಸುಮಾರು 42 ಕಿಲೋಮೀಟರಿನ ಈ ವರ್ತುಲ ರಸ್ತೆಯ ಪಕ್ಕದ ಯಾವ ಬಡಾವಣೆಯಾದರೂ ಹೊಂದೀತು. ಬೈಕಿನಲ್ಲಿ ಓಡಾಡುವವರು ನೆನಪಿಡಬೇಕಾದದ್ದು, 2023ರ ಆಗಸ್ಟ್‌ನಿಂದ ಹೆದ್ದಾರಿಯ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ.

ರೈಲನ್ನು ನಂಬಿದವರಿಗೆ ಇನ್ನೂ ಚೆನ್ನು. ಬೆಂಗಳೂರಿನ ಕೆಲವು ರೈಲುಗಳು ಅಶೋಕಪುರಂ ನಿಲ್ದಾಣದವರೆಗೆ ಬರುತ್ತವೆ. ಜಯನಗರ, ಕೃಷ್ಣಮೂರ್ತಿಪುರಂ, ಕುವೆಂಪುನಗರದ ಪೂರ್ವ ಭಾಗದವರು ಊರ ನಡುವಿನ ದೊಡ್ಡ ನಿಲ್ದಾಣದವರೆಗೆ ಹೋಗಬೇಕಾಗಿಲ್ಲ.

ವರ್ತುಲ ರಸ್ತೆಯ ಆಚೆ ಬೆಲೆ ಕಡಿಮೆ. ಅಲ್ಲಿ ಕೊಳ್ಳಬಹುದೇ?

ಕೊಳ್ಳಬಹುದು, ಆದರೆ ಯಾವ ಸ್ಥಳೀಯ ಸಂಸ್ಥೆಯ ವ್ಯಾಪ್ತಿ ಎಂಬುದನ್ನು ತಿಳಿದುಕೊಂಡು. ಮೈಸೂರು ಎಂದು ನಾವೆಲ್ಲ ಕರೆಯುವ ಊರಿನ ಹೊರ ಅಂಚು ಒಂದೇ ಕಚೇರಿಗೆ ಸೇರಿಲ್ಲ. ಹೂಟಗಳ್ಳಿ ನಗರಸಭೆಯಾಯಿತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಅವುಗಳ ಆಚೆ ಗ್ರಾಮ ಪಂಚಾಯಿತಿಗಳು. ಎಲ್ಲವನ್ನೂ ಪಾಲಿಕೆಗೆ ಸೇರಿಸಿ ಬೃಹತ್ ಮೈಸೂರು ಮಾಡುವತ್ತ ಸರ್ಕಾರ ಹೆಜ್ಜೆ ಇಟ್ಟಿದೆ. ಸೇರಿದ ಮೇಲೂ ಒಳಚರಂಡಿ ಪೈಪು ನಿಮ್ಮ ಬೀದಿಯವರೆಗೆ ಬರಲು ಕಾಲ ಹಿಡಿಯುತ್ತದೆ, ಕಂದಾಯ ಮಾತ್ರ ಬೇಗ ಏರುತ್ತದೆ.

ಇದರ ಪರಿಣಾಮ ದಿನನಿತ್ಯದ ಬದುಕಿನಲ್ಲಿ ಕಾಣುತ್ತದೆ. ಬೀದಿದೀಪ ಕೆಟ್ಟರೆ ಯಾರಿಗೆ ಹೇಳಬೇಕು? ಬಡಾವಣೆ ಮಾಡಿದ ಖಾಸಗಿಯವರು "ಪಂಚಾಯಿತಿಗೆ ಹಸ್ತಾಂತರ ಆಗಿದೆ" ಎನ್ನುತ್ತಾರೆ, ಪಂಚಾಯಿತಿಯವರು "ಇನ್ನೂ ಆಗಿಲ್ಲ" ಎನ್ನುತ್ತಾರೆ, ಕಸ ಮೂಲೆಯ ಖಾಲಿ ಸೈಟಿನಲ್ಲಿ ಬೀಳುತ್ತಿರುತ್ತದೆ. ಬಡಾವಣೆಯ ಹಸ್ತಾಂತರ ಯಾವ ದಿನ ಆಯಿತು ಎಂಬುದಕ್ಕೆ ಬರಹದಲ್ಲಿ ದಾಖಲೆ ಕೇಳಿ. ಹೊರವಲಯದ ಎಷ್ಟೋ ಬಡಾವಣೆಗಳಲ್ಲಿ ಕೊಳಚೆ ನೀರು ನಗರದ ಜಾಲಕ್ಕೆ ಸೇರಿಲ್ಲ, ಬಡಾವಣೆಯ ಅಂಚಿನ ಗುಂಡಿಗೋ ಪಕ್ಕದ ಹಳ್ಳಕ್ಕೋ ಬಿಟ್ಟಿರುತ್ತಾರೆ. ಪೈಪು ಕೊನೆಗೊಳ್ಳುವ ಜಾಗದವರೆಗೂ ನಡೆದುಹೋಗಿ ಕಣ್ಣಾರೆ ನೋಡಿ. ಆ ಹಳ್ಳ ಯಾರದೋ ಗದ್ದೆಗೆ, ಯಾರದೋ ಕುಡಿಯುವ ನೀರಿನ ಕೆರೆಗೆ ಸೇರುತ್ತದೆ ಎಂಬುದೂ ನಮ್ಮ ಲೆಕ್ಕದಲ್ಲಿರಬೇಕು.

"ರೆವಿನ್ಯೂ ಸೈಟು" ಅರ್ಧ ಬೆಲೆಗೆ ಸಿಗುತ್ತಿದೆ. ಮುಂದೆ ಸಕ್ರಮ ಆಗುವುದಿಲ್ಲವೇ?

ಆಗಬಹುದು ಎಂಬ ಆಸೆಯನ್ನೇ ಅಲ್ಲಿ ಮಾರುತ್ತಿರುವುದು. ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆ, ಬಡಾವಣೆ ನಕ್ಷೆಗೆ ಅನುಮೋದನೆ ಪಡೆಯದೆ, ಸುಣ್ಣದ ಗೆರೆ ಎಳೆದು ಮಾರಿದ ತುಂಡುಗಳಿವು. ಸರ್ಕಾರ ಇಂಥ ಕೆಲವಕ್ಕೆ ಬಿ ಖಾತೆ ಕೊಡಲು 2025ರಲ್ಲಿ ಅವಕಾಶ ಮಾಡಿದೆ. ಆದರೆ ಬಿ ಖಾತೆ ತೆರಿಗೆ ಕಟ್ಟಲು ಗುರುತು ಅಷ್ಟೇ, ಬಡಾವಣೆಗೆ ಅದು ಅನುಮೋದನೆಯಾಗುವುದಿಲ್ಲ. ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಸಾಲ ಸಿಗುವುದು ಕಷ್ಟ. ಉದ್ಯಾನಕ್ಕೆ, ರಸ್ತೆಗೆ, ಸಿ.ಎ. (ನಾಗರಿಕ ಸೌಲಭ್ಯದ) ನಿವೇಶನಕ್ಕೆ ಜಾಗ ಬಿಟ್ಟಿರುವುದಿಲ್ಲ. ಬಡ ಕುಟುಂಬಗಳು ಜೀವಮಾನದ ಉಳಿತಾಯ ಹಾಕಿ ಇಂಥ ಸೈಟು ಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಅಪಾಯ ಹೆಚ್ಚು ಜನಕ್ಕೆ ತಿಳಿದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ, ಇದು 1978ರ ಪಿ.ಟಿ.ಸಿ.ಎಲ್. ಕಾಯ್ದೆ. 2023ರ ತಿದ್ದುಪಡಿಯ ಪ್ರಕಾರ ಮೂಲ ಮಂಜೂರಿದಾರರು ಜಮೀನನ್ನು ಮರಳಿ ಕೇಳಲು ಕಾಲಮಿತಿ ಇಲ್ಲ. ಅವರ ಹಕ್ಕು ನ್ಯಾಯವಾದದ್ದು. ಹಾಗಾಗಿ ಜಮೀನಿನ ಮೂಲದಲ್ಲಿ ಮಂಜೂರಾತಿ ಇದೆಯೇ ಎಂದು ಕೊಳ್ಳುವವರೇ ಹುಡುಕಬೇಕು.

ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಸೈಟಾದರೆ ಕಣ್ಣು ಮುಚ್ಚಿ ಕೊಳ್ಳಬಹುದೇ?

ನೀರು, ರಸ್ತೆ, ಉದ್ಯಾನದ ದೃಷ್ಟಿಯಿಂದ ಪ್ರಾಧಿಕಾರದ ಬಡಾವಣೆಗಳು ಸಾಮಾನ್ಯವಾಗಿ ಮೇಲು. ಹಳೆಯ ವಿಶ್ವಸ್ತ ಮಂಡಳಿಯ ಉತ್ತರಾಧಿಕಾರಿಯಾಗಿ ಬಂದ ಮುಡಾ ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರವಾಗಿದೆ, ಜನರ ಬಾಯಲ್ಲಿ ಇನ್ನೂ ಮುಡಾ. ಕಣ್ಣು ಮುಚ್ಚಿಕೊಳ್ಳಬೇಕಾಗಿಲ್ಲ. ಜಮೀನು ಕಳೆದುಕೊಂಡವರಿಗೆ 50:50 ಅನುಪಾತದಲ್ಲಿ ಬದಲಿ ನಿವೇಶನ ಹಂಚಿದ ವಿಷಯ 2024ರಲ್ಲಿ ದೊಡ್ಡ ವಿವಾದವಾಗಿ ತನಿಖೆಗಳು ನಡೆದದ್ದು ಎಲ್ಲರಿಗೂ ಗೊತ್ತು. ಆದ್ದರಿಂದ ಸೈಟು ಮೊದಲ ಬಾರಿ ಯಾರಿಗೆ, ಯಾವ ವರ್ಷ, ಯಾವ ಕಾರಣಕ್ಕೆ ಹಂಚಿಕೆಯಾಯಿತು ಎಂಬ ಮೂಲ ಪತ್ರವನ್ನೇ ನೋಡಿ. ಬದಲಿ ನಿವೇಶನ ಎಂದಿದ್ದರೆ ವಕೀಲರಿಗೆ ತೋರಿಸದೆ ಮುಂದುವರಿಯಬೇಡಿ.

ಕುರುಬಾರಹಳ್ಳಿ ಸರ್ವೆ ನಂಬರ್ 4 ಮತ್ತು ಆಲನಹಳ್ಳಿ ಸರ್ವೆ ನಂಬರ್ 41ರ ಕಥೆಯೂ ಕಲಿಸುವಂಥದ್ದು. ಆ ಭೂಮಿಯನ್ನು ಬಿ ಖರಾಬು ಎಂದು ದಾಖಲಿಸಿದ್ದರಿಂದ ಸಿದ್ಧಾರ್ಥ ಬಡಾವಣೆ, ಕೆ.ಸಿ. ಬಡಾವಣೆ, ಜೆ.ಸಿ. ಬಡಾವಣೆಯ ನಿವಾಸಿಗಳು, ಎಲ್ಲ ಕ್ರಮಬದ್ಧವಾಗಿ ಕೊಂಡಿದ್ದರೂ, ಖಾತೆ ವ್ಯವಹಾರಗಳಿಲ್ಲದೆ ವರ್ಷಗಟ್ಟಲೆ ಪರದಾಡಿದರು. ಪೂರ್ವ ಭಾಗದಲ್ಲಿ ಕೊಳ್ಳುವವರು ಸರ್ವೆ ನಂಬರನ್ನು ಮೊದಲು ಕೇಳುವುದು ಈ ಕಾರಣಕ್ಕೆ.

ಹಾಗಾದರೆ ಯಾವ ದಾಖಲೆಗಳು ಬೇಕು?

ಬಡಾವಣೆ ಆರಿಸುವುದೇ ಇಲ್ಲಿನ ವಿಷಯವಾದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಮೂಲ ಹಂಚಿಕೆ ಅಥವಾ ಮೂಲ ಕ್ರಯಪತ್ರದಿಂದ ಇಂದಿನವರೆಗಿನ ಸರಪಳಿ, ಮೂವತ್ತು ವರ್ಷಗಳಿಗೆ ಕಡಿಮೆಯಿಲ್ಲದ ಋಣಭಾರ ಪತ್ರ, ಇ-ಖಾತೆ, ಚಾಲ್ತಿ ಕಂದಾಯ ರಸೀದಿ, ಖಾಸಗಿ ಬಡಾವಣೆಯಾದರೆ ಪರಿವರ್ತನೆ ಆದೇಶ, ಅನುಮೋದಿತ ನಕ್ಷೆ ಮತ್ತು ಆ ಸೈಟನ್ನು ಮಾರಲು ಪ್ರಾಧಿಕಾರ ಕೊಟ್ಟ ಬಿಡುಗಡೆ ಪತ್ರ. 500 ಚದರ ಮೀಟರ್ ಮೀರಿದ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳ ಹೊಸ ಯೋಜನೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ, ನಂಬರನ್ನು ರೇರಾ ಜಾಲತಾಣದಲ್ಲಿ ನೀವೇ ಹುಡುಕಿ. ನಿಮ್ಮ ವಕೀಲರನ್ನು ನೀವೇ ಆರಿಸಿ, ಮಾರುವವರು ತೋರಿಸಿದವರು ಬೇಡ.

ಅಪಾರ್ಟ್‌ಮೆಂಟ್ ಕೊಳ್ಳುವುದಾದರೆ ಬಡಾವಣೆಯ ಲೆಕ್ಕಾಚಾರ ಬದಲಾಗುತ್ತದೆಯೇ?

ನೀರಿನ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಒಂದು ಮನೆಗೆ ಸಾಲುತ್ತಿದ್ದ ಸಂಪರ್ಕದಲ್ಲಿ ನಲವತ್ತು ಮನೆಗಳು ಬದುಕಬೇಕು. ನಿರ್ವಹಣಾ ಶುಲ್ಕದಲ್ಲಿ ಟ್ಯಾಂಕರಿಗೆ ಹೋಗುವ ಪಾಲು ಎಷ್ಟು ಎಂದು ನಿವಾಸಿಗಳ ಸಂಘದ ಹಳೆಯ ಲೆಕ್ಕಪತ್ರ ಕೇಳಿ. ಕೊಳಚೆ ನೀರು ಶುದ್ಧೀಕರಣ ಘಟಕವಿದ್ದರೆ ಅದು ಚಾಲನೆಯಲ್ಲಿದೆಯೇ ಎಂದು ಇಳಿದುಹೋಗಿ ನೋಡಿ. ಸ್ವಾಧೀನಾನುಭವ ಪತ್ರ (ಆಕ್ಯುಪೆನ್ಸಿ ಸರ್ಟಿಫಿಕೇಟ್) ಸಿಕ್ಕಿದೆಯೇ ಎಂಬುದು ಈಗ ಬಹಳ ಮುಖ್ಯ. ಆ ಪತ್ರ ತೋರಿಸಿದ ಮೇಲೆಯೇ ನೀರು, ವಿದ್ಯುತ್ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಸಣ್ಣ ನಿವೇಶನಗಳ ಮನೆಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಿದ್ದರೂ ಅದು ದೊಡ್ಡ ಅಪಾರ್ಟ್‌ಮೆಂಟಿಗೆ ಅನ್ವಯಿಸುವುದಿಲ್ಲ.

ವಯಸ್ಸಾದ ತಂದೆ ತಾಯಿ ಜೊತೆಗಿದ್ದಾರೆ. ಅವರಿಗೆ ಯಾವ ಕಡೆ ಅನುಕೂಲ?

ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂ, ವಿ.ವಿ. ಮೊಹಲ್ಲಾ ಇವುಗಳನ್ನು ಮೊದಲು ನೋಡಿ. ಹೃದಯದ ತೊಂದರೆ ಇರುವವರಿದ್ದರೆ ಕೆ.ಆರ್.ಎಸ್. ರಸ್ತೆಯ ಜಯದೇವ ಆಸ್ಪತ್ರೆಗೆ ಎಷ್ಟು ದೂರ ಎಂಬುದೂ ಲೆಕ್ಕಕ್ಕೆ ಬರಲಿ. ದೂರಕ್ಕಿಂತ ಹೆಚ್ಚು ಗಮನಿಸಬೇಕಾದದ್ದು, ಅವರು ಯಾರ ನೆರವೂ ಇಲ್ಲದೆ ಹಾಲಿನ ಬೂತಿಗೆ, ಔಷಧಿ ಅಂಗಡಿಗೆ, ದೇವಸ್ಥಾನಕ್ಕೆ ನಡೆದುಹೋಗಬಲ್ಲರೇ ಎಂಬುದು. ಹೊರವಲಯದ ದೊಡ್ಡ ಮನೆಯಲ್ಲಿ ಹಗಲೆಲ್ಲ ಒಂಟಿಯಾಗಿ ಕೂರುವುದು ಹಿರಿಯರಿಗೆ ಶಿಕ್ಷೆಯಾಗುತ್ತದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯುವ ಹಿರಿಯರನ್ನು ಮಾತನಾಡಿಸಿ, ಸುತ್ತಲಿನ ಬಡಾವಣೆಗಳ ಬಗ್ಗೆ ಯಾವ ದಲ್ಲಾಳಿಗಿಂತಲೂ ಚೆನ್ನಾಗಿ ಹೇಳುತ್ತಾರೆ.

ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ, ಬೆಟ್ಟ ಕಾಣುವ ಸೈಟು?

ನೋಟ ಚೆಂದ, ಗಾಳಿ ತಂಪು. ಆದರೆ ಬೆಟ್ಟ ಈಗಾಗಲೇ ಸೊರಗಿದೆ. 2021ರ ಮಳೆಯಲ್ಲಿ ನಂದಿಯ ಕಡೆಯ ರಸ್ತೆ ಕುಸಿದದ್ದು ನೆನಪಿರಲಿ. ಬೆಟ್ಟದಿಂದ ಇಳಿಯುವ ನೀರಿನ ದಾರಿಗಳು ತಪ್ಪಲಿನ ಸೈಟುಗಳ ಮೂಲಕವೇ ಹಾದುಹೋಗುತ್ತವೆ. ಚಿರತೆಗಳಿಗೂ ಇದು ಆವಾಸ. 2024ರ ಕೊನೆಯ ದಿನ ಹೆಬ್ಬಾಳದ ಇನ್ಫೊಸಿಸ್ ಆವರಣದಲ್ಲೇ ಚಿರತೆ ಕಾಣಿಸಿಕೊಂಡಿತ್ತು ಎಂದ ಮೇಲೆ ತಪ್ಪಲಿನ ಮಾತೇ ಬೇಡ. ಸಂಜೆಯ ಮೇಲೆ ಮಕ್ಕಳನ್ನು, ನಾಯಿಯನ್ನು ಹೊರಗೆ ಬಿಡುವ ಅಭ್ಯಾಸವಿದ್ದವರು ಯೋಚಿಸಿ. ಅರಣ್ಯಕ್ಕೆ ತಾಗಿದ ಜಮೀನಾದರೆ ಅರಣ್ಯ ಇಲಾಖೆಯ ಗಡಿಯನ್ನು ಖಚಿತಪಡಿಸಿಕೊಳ್ಳದೆ ಕೊಳ್ಳಲೇಬಾರದು.

ದಸರಾ ಸಮಯದಲ್ಲಿ ತೊಂದರೆಯಾಗದ ಕಡೆ ಬೇಕು.

ಅರಮನೆಯಿಂದ ಬನ್ನಿಮಂಟಪದವರೆಗಿನ ಮೆರವಣಿಗೆಯ ದಾರಿ, ನಜರ್‌ಬಾದ್, ಇಟ್ಟಿಗೆಗೂಡು ಇಲ್ಲಿ ಆ ದಿನಗಳಲ್ಲಿ ವಾಹನ ಹೊರತೆಗೆಯುವುದು ಕಷ್ಟ. ಉಳಿದ ವರ್ಷವೆಲ್ಲ ಮೃಗಾಲಯ, ಕಾರಂಜಿ ಕೆರೆ ಹತ್ತಿರವಿರುವ ಸುಖ ನಜರ್‌ಬಾದ್, ಇಟ್ಟಿಗೆಗೂಡಿನವರಿಗಿದೆ. ಕೆಲವು ದಿನಗಳ ಗದ್ದಲಕ್ಕೆ ಹೆದರಿ ಒಳ್ಳೆಯ ಬೀದಿಯನ್ನು ಬಿಡಬೇಡಿ.

ಬೆಲೆಯ ಮೇಲೆ ಇನ್ನೆಷ್ಟು ಖರ್ಚು ಬರುತ್ತದೆ?

ನಗರ ವ್ಯಾಪ್ತಿಯಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಒಟ್ಟು ಶೇ 7.6. ಎಂಬತ್ತು ಲಕ್ಷದ ಮನೆಗೆ ಆರು ಲಕ್ಷದ ಮೇಲೆ. ಮಾರ್ಗಸೂಚಿ ದರ, ಕ್ರಯಪತ್ರದ ದರ ಇವೆರಡರಲ್ಲಿ ಹೆಚ್ಚಿನದರ ಮೇಲೆ ಈ ಲೆಕ್ಕ. ವಕೀಲರ ಶುಲ್ಕ, ದಲ್ಲಾಳಿ ಹಣ, ಸಂಪು ಅಥವಾ ಬೋರ್‌ವೆಲ್ಲಿನ ಖರ್ಚು ಬೇರೆ.

ಇಷ್ಟೆಲ್ಲ ನೋಡಿದ ಮೇಲೂ ಎರಡು ಬಡಾವಣೆಗಳ ನಡುವೆ ಮನಸ್ಸು ತೂಗಾಡುತ್ತಿದೆ.

ಸಾಧ್ಯವಾದರೆ ಒಂದರಲ್ಲಿ ಬಾಡಿಗೆಗೆ ಇದ್ದು ನೋಡಿ, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಕಳೆಯುವಂತೆ. ಹನ್ನೊಂದು ತಿಂಗಳ ಕರಾರು ಸಾಕು. ಸಂಪು ಎಷ್ಟು ಹೊತ್ತಿಗೆ ತುಂಬುತ್ತದೆ, ಮಳೆ ಬಂದಾಗ ಬೀದಿ ಹೇಗಾಗುತ್ತದೆ, ಪಕ್ಕದ ಕಲ್ಯಾಣ ಮಂಟಪದ ಧ್ವನಿವರ್ಧಕ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಲ್ಲವೂ ತಿಳಿಯುತ್ತವೆ. ಅದಕ್ಕೆ ಅವಕಾಶ ಇಲ್ಲದವರು ಆ ಬಡಾವಣೆಗೆ ನೀರು ಬಿಡುವ ವಾಲ್ವ್‌ಮನ್‌ನನ್ನು ಹುಡುಕಿ ಮಾತನಾಡಲಿ. ಯಾವ ಬೀದಿಯ ತುದಿಗೆ ನೀರು ತಲುಪುವುದಿಲ್ಲ, ಯಾವ ಮನೆಯವರು ದಿನಾ ದೂರು ಹೇಳುತ್ತಾರೆ, ಯಾವ ಪೈಪು ಮೇಲಿಂದ ಮೇಲೆ ಒಡೆಯುತ್ತದೆ ಎಂಬುದು ಆತನಿಗೆ ಗೊತ್ತಿರುತ್ತದೆ. ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಬೀದಿಯ ತಿರುವಿನಲ್ಲಿ ಸಿಗುತ್ತಾನೆ.